ಜಗಲಿಯ ಮೇಲೆ ೧೪೨೮೫೭

ಹೋದ ವಾರ ಬ್ಯಾಂಕಿನ ಹುಡುಗಿಯೊಬ್ಬಳು ನನ್ನ ಫೋನನ್ನು ಕೈಗೆ ತೆಗೆದುಕೊಂಡು, "ಆಂಟಿ, ಆರು ಅಂಕಿಯ ಒಂದು ನಂಬರ್ ಒತ್ತಿ. ಮರೀಬಾರದು, ಯಾರಿಗೂ ಹೇಳಬಾರದು" ಎಂದು ಅಪ್ಪಣೆ ಕೊಡಿಸಿದಳು. ಹುಟ್ಟಿದ ದಿನಾಂಕ ಮಾತ್ರ ಹಾಕಬೇಡಿ ಎಂದೂ ಎಚ್ಚರಿಸಿದಳು. ಆ ಭಯ ಅವಳಿಗೆ ಬೇಕಾಗಿರಲಿಲ್ಲ. ನಾನು ಹುಟ್ಟಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ; ಶಾಲೆಗೆ ಸೇರಿಸುವಾಗ ಹೆಡ್ ಮೇಷ್ಟ್ರು ತಮಗೆ ಅನುಕೂಲವಾದ ಒಂದು ದಿನ ನನ್ನನ್ನು ಹುಟ್ಟಿಸಿದ್ದರು. ನಾನು ಯೋಚನೆ ಮಾಡದೆ ೧೪೨೮೫೭ ಎಂದು ಒತ್ತಿದೆ. ಯಾರಿಗೂ ಹೇಳಬಾರದು ಅಂದದ್ದನ್ನು ಈಗ ನಿಮಗೆಲ್ಲ ಹೇಳಿಯೂ ಬಿಟ್ಟೆ. ನಾಳೆ ಹೋಗಿ ಬದಲಾಯಿಸಬೇಕು. ಅಷ್ಟರೊಳಗೆ ನೀವೇ ಹೋಗಿ ನೋಡಿದರೂ ನನ್ನ ಖಾತೆಯಲ್ಲಿ ನಿಮ್ಮ ಬಸ್ ಚಾರ್ಜು ಹುಟ್ಟುವುದು ಅನುಮಾನ.

ಈ ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು ಎಂಬುದು ನೋಡಲು ಸಾಧು ಸಂಖ್ಯೆ. ಲಾರಿಯ ಹಿಂದೆ ಬರೆದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಅದನ್ನು ಎರಡರಿಂದ ಗುಣಿಸಿ: ೨೮೫೭೧೪. ಮೂರರಿಂದ ಗುಣಿಸಿ: ೪೨೮೫೭೧. ನಾಲ್ಕರಿಂದ ೫೭೧೪೨೮, ಐದರಿಂದ ೭೧೪೨೮೫, ಆರರಿಂದ ೮೫೭೧೪೨. ಗಮನಿಸಿದಿರಾ? ಅದೇ ಆರು ಜನ. ಹೊಸಬರು ಒಬ್ಬರೂ ಒಳಗೆ ಬಂದಿಲ್ಲ, ಹಳಬರು ಒಬ್ಬರೂ ಇಳಿದು ಹೋಗಿಲ್ಲ. ಒಂದರ ಹಿಂದೆ ನಾಲ್ಕು, ನಾಲ್ಕರ ಹಿಂದೆ ಎರಡು ಎಂಬ ಸಾಲೂ ತಪ್ಪಿಲ್ಲ. ಮುಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆ ಎನ್ನುವುದಷ್ಟೇ ಬದಲಾಗುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ ಇದರ ಕಿತಾಪತಿ. ಇದನ್ನು ಇದರಿಂದಲೇ ಗುಣಿಸಿದರೆ ೨೦೪೦೮೧೨೨೪೪೯ ಎಂಬ ಉದ್ದನೆಯ ಸರಕು ಬರುತ್ತದೆ. ಈಗ ಸಿಕ್ಕಿಬಿದ್ದಿತು ಎಂದುಕೊಳ್ಳುತ್ತೀರಿ. ಅದರ ಮುಂದಿನ ಐದು ಅಂಕಿ ೨೦೪೦೮ನ್ನು ಕಡಿದು, ಹಿಂದಿನ ೧೨೨೪೪೯ಕ್ಕೆ ಕೂಡಿಸಿ ನೋಡಿ. ಮತ್ತೆ ೧೪೨೮೫೭! ಊರು ಬಿಟ್ಟು ಓಡಿಹೋದವನು ಮೀಸೆ ಬೋಳಿಸಿಕೊಂಡು ಅದೇ ಊರಿಗೆ ಬಂದ ಹಾಗೆ.

ಇಷ್ಟೆಲ್ಲ ಬಲ್ಲ ಹೆಂಗಸು ಗಣಿತದಲ್ಲಿ ಭಾರೀ ಜಾಣೆ ಇರಬೇಕು ಎಂದುಕೊಂಡಿದ್ದರೆ ಆ ಗೌರವವನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ನನ್ನನ್ನು ಒಮ್ಮೆ ಉರುಳಿಸಿ, ಎರಡನೇ ಸಲ ಕನಿಕರದಿಂದ ಬಿಟ್ಟಿತ್ತು. ನಮ್ಮ ಕಾಲದಲ್ಲಿ ಗಣಿತವೆಂದರೆ ಮಗ್ಗಿ. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಕೈಕಾಲು ತೊಳೆದು ಸಾಲಾಗಿ ಕೂತು ಅರಚುವುದು. ಎರಡರ ಮಗ್ಗಿಗೆ ಒಂದು ರಾಗ, ಹದಿಮೂರಕ್ಕೆ ಇನ್ನೊಂದು. ಹತ್ತೊಂಬತ್ತರ ಮಗ್ಗಿಯಂತೂ ಸತ್ತವರ ಮನೆಯಿಂದ ಕೇಳಿಬಂದ ಹಾಗೆ ಇರುತ್ತಿತ್ತು. ನಮ್ಮ ಅಜ್ಜಿಗೆ, ಅಂದರೆ ಅಪ್ಪಯ್ಯನ ತಾಯಿಗೆ, ಓದು ಬರಹ ಇರಲಿಲ್ಲ. ಆದರೆ ಒಳಗೆ ಕೂತೇ ತಪ್ಪು ಹಿಡಿಯುತ್ತಿದ್ದಳು. "ಏ, ಅಲ್ಲಿ ಎಂಥದೋ ಹಾರ್‍ಸಿದ್ರಲ್ಲ, ರಾಗ ಮುರೀತು" ಎಂದು ಕೂಗುತ್ತಿದ್ದಳು. ಅವಳಿಗೆ ಸಂಖ್ಯೆ ಎಂದರೆ ಕಿವಿಯಲ್ಲಿ ಇರಬೇಕಾದದ್ದು. ಕಣ್ಣಿಗೆ ಕಾಣುವ ಹಾಗೆ ಬರೆದ ಅಂಕಿಗಳ ಮೇಲೆ ಅವಳಿಗೆ ವಿಪರೀತ ಗುಮಾನಿ. ಅದಕ್ಕೆ ಕಾರಣವಿತ್ತು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಯಾರೋ ಕೊಟ್ಟಿಗೆಯ ಬಾಗಿಲಲ್ಲಿ ಬೂದಿಯಿಂದ ಸುತ್ತು ಬರೆದು, ಅದರೊಳಗೆ ಅಂಕಿ ತುಂಬಿ ಹೋಗಿದ್ದರಂತೆ. ಮಾರನೆಯ ದಿನದಿಂದ ಎಮ್ಮೆ ಹಾಲು ಕೊಡಲಿಲ್ಲವಂತೆ. ಎಮ್ಮೆಗೆ ವಯಸ್ಸಾಗಿತ್ತು ಎಂದು ಅಜ್ಜ ಹೇಳಿದ್ದರೂ ಅಜ್ಜಿ ಅಂಕಿಗಳನ್ನು ಕ್ಷಮಿಸಿರಲಿಲ್ಲ.

ಅಪ್ಪಯ್ಯ ತೀರ್ಥಹಳ್ಳಿಯಲ್ಲಿ ಬಸ್ ಏಜೆಂಟ್. ಹೊಸನಗರ, ಸಾಗರದ ಕಡೆ ಹೋಗುವ ಬಸ್ಸುಗಳಿಗೆ ಟಿಕೆಟು ಹರಿಯುವುದು, ಬೇಕಾದವರಿಗೆ ಮುಂದಿನ ಸೀಟಿಗೆ ಟವೆಲು ಹಾಕಿಸುವುದು ಅವರ ಕೆಲಸ. ಮನೆ ಬಸ್ ಸ್ಟ್ಯಾಂಡಿನ ಎದುರಿಗೇ ಇತ್ತು. ಅರವತ್ತರ ದಶಕದ ನಡುವಿನ ಆ ವರ್ಷ ಅವರು ಮಣ್ಣಿನ ಜಗಲಿಯನ್ನು ಕೀಳಿಸಿ ಕೆಂಪು ಸಿಮೆಂಟಿನ ನೆಲ ಮಾಡಿಸಿದ್ದರು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಮೊದಲು ನೆಲ ತೋರಿಸಿ, ಆಮೇಲೆ ನನ್ನನ್ನು ತೋರಿಸುತ್ತಿದ್ದರು. ನೆಲವನ್ನು ಎಲ್ಲರೂ ಒಪ್ಪಿದ್ದರು.

ಜಗಲಿಯ ತುದಿಯ ಕಂಬದ ಪಕ್ಕ ಅಜ್ಜಿಯ ಜಾಗ. ಅಲ್ಲಿ ಎಲೆಯಡಿಕೆಯ ತಟ್ಟೆ ಇಟ್ಟುಕೊಂಡು ಕಾಲು ಚಾಚಿ ಕೂತರೆ ಯಾವ ಬಸ್ಸಿನಿಂದ ಯಾರು ಇಳಿದರು, ಯಾರ ಜೊತೆ ಇಳಿದರು, ಯಾಕೆ ಮುಖ ಊದಿಸಿಕೊಂಡಿದ್ದಾರೆ ಎಂಬುದೆಲ್ಲ ಅವಳ ಸುಪರ್ದಿಗೆ ಬರುತ್ತಿತ್ತು. ತೀರ್ಥಹಳ್ಳಿಗೆ ಆಗ ಪತ್ರಿಕೆ ತಡವಾಗಿ ಬರುತ್ತಿತ್ತು. ಅಜ್ಜಿ ಇದ್ದುದರಿಂದ ನಮ್ಮ ಬೀದಿಗೆ ತೊಂದರೆಯಾಗಲಿಲ್ಲ.

ಹೆಣ್ಣು ನೋಡುವುದು ಎಂಬ ಆ ಕಾಲದ ವಿನೋದವನ್ನು ನೀವು ನೋಡಿದ್ದೀರೋ ಇಲ್ಲವೋ. ಒಬ್ಬ ಮಹಾಶಯ ನನ್ನ ಕೈಗೆ ಸೂಜಿ ದಾರ ಕೊಟ್ಟು ಪೋಣಿಸಲು ಹೇಳಿದ್ದ. ಪೋಣಿಸಿದೆ. ದಾರ ಸೂಜಿಯೊಳಗೆ ಹೋಗಿದೆಯೋ ಇಲ್ಲವೋ ನೋಡಲು ಅವನಿಗೇ ಕಣ್ಣು ಹತ್ತಲಿಲ್ಲ. ಇನ್ನೊಂದು ಕಡೆಯವರು ಕಾಲು ಕುಂಟೋ ಎಂದು ತಿಳಿಯಲು ಬಾವಿಕಟ್ಟೆಯವರೆಗೆ ನಡೆಸಿ ವಾಪಸು ಕರೆಸಿದ್ದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರು ಇದಕ್ಕಿಂತ ಮರ್ಯಾದೆಯಿಂದ ನೋಡುತ್ತಾರೆ. ಎಲ್ಲಕ್ಕಿಂತ ಕಡೆಗೆ ಹಾಡು. ನನ್ನ ಹತ್ತಿರ ಒಂದೇ ಒಂದು ದೇವರ ಹಾಡಿತ್ತು. ಅದನ್ನು ನಾನು ಶುರುಮಾಡಿದರೆ ನಮ್ಮ ನಾಯಿ ಎದ್ದು ರಸ್ತೆ ದಾಟಿ ಬಸ್ ಸ್ಟ್ಯಾಂಡಿಗೆ ಹೋಗುತ್ತಿತ್ತು.

ಸಾಗರದ ಮೇಷ್ಟ್ರು ಬಂದದ್ದು ಹೀಗಿರುವಾಗ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಕೆಲಸ. ಜೊತೆಗೆ ಅವರ ಸೋದರಮಾವ ಇದ್ದರು. ಈ ಮಾವ ತುಮರಿಯವರು. ಬೆಳಗಿನ ಜಾವ ಎದ್ದು ಶರಾವತಿಯ ಹೊಸ ಹಿನ್ನೀರನ್ನು ದೋಣಿಯಲ್ಲಿ ದಾಟಿ, ಸಾಗರ ತಲುಪಿ, ಅಲ್ಲಿಂದ ಹೊಸನಗರದ ಮೇಲೆ ನಮ್ಮೂರಿನವರೆಗೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದಿದ್ದರು. ನೆಲ ನೋಡಿದರು, ಕೇಸರಿಬಾತು ತಿಂದರು, ಕಂಬಕ್ಕೆ ಒರಗಿದರು.

"ಹುಡುಗಿಗೆ ಹಾಡು ಬರ್ತದಾ?" ಎಂದರು ಮಾವ, ಕೇಳಬೇಕಲ್ಲ ಎಂದು.

"ಬರ್ತದೆ, ಬರ್ತದೆ" ಎಂದರು ಅಪ್ಪಯ್ಯ.

ನಾನು ಹಾಡಿದೆ. ನಾಯಿ ಎದ್ದು ಹೋಯಿತು. ಪಲ್ಲವಿ ಮುಗಿಯುವುದರೊಳಗೆ ಮಾವನಿಗೆ ನಿದ್ದೆ ಹತ್ತಿತ್ತು. ಮೇಷ್ಟ್ರು ಮಾತ್ರ ಕಷ್ಟಪಟ್ಟು ಕೇಳಿ, ಚರಣಕ್ಕೆ ಬರುವಾಗ ಕೈ ಎತ್ತಿದರು.

"ಸಾಕು ಬಿಡಿ. ನಿಮಗೂ ಕಷ್ಟ, ನಮಗೂ ಕಷ್ಟ. ಗುಣಾಕಾರ ಬರುತ್ತಾ?"

ಅಪ್ಪಯ್ಯ ಗಾಬರಿಯಾದರು. ಆದರೆ ಏಜೆಂಟರ ನಾಲಿಗೆ ಸೀಟಿಲ್ಲ ಎಂದು ಯಾವತ್ತೂ ಹೇಳಿದ್ದಲ್ಲ. "ಬರ್ತದೆ. ಅಡಿಗೆ, ಹೊಲಿಗೆ, ಗುಣಾಕಾರ ಎಲ್ಲಾ ಬರ್ತದೆ" ಎಂದುಬಿಟ್ಟರು.

ಮೇಷ್ಟ್ರು ಜೇಬಿನಿಂದ ಒಂದು ತುಂಡು ಸೀಮೆಸುಣ್ಣ ತೆಗೆದು ಆ ಕೆಂಪು ನೆಲದ ಮೇಲೆ ೧೪೨೮೫೭ ಎಂದು ಬರೆದರು. ಎರಡರಿಂದ ಗುಣಿಸಲು ಹೇಳಿದರು. ಮಾಡಿದೆ. ಮೂರರಿಂದ ಹೇಳಿದರು. ಅದನ್ನೂ ಮಾಡಿ ೪೨೬೫೭೧ ಎಂದು ಬರೆದೆ. ಅವರು ಲೆಕ್ಕ ಮಾಡಲಿಲ್ಲ, ಬರಿದೆ ಒಮ್ಮೆ ನೋಡಿ, "ತಪ್ಪು" ಎಂದರು.

"ಗುಣಿಸದೆ ಹೆಂಗೆ ಗೊತ್ತಾಯ್ತು ನಿಮಗೆ?" ಎಂದೆ. ಹೆಣ್ಣು ನೋಡಲು ಬಂದವರನ್ನು ಹೆಣ್ಣು ಪ್ರಶ್ನೆ ಕೇಳುವ ಪದ್ಧತಿ ಇರಲಿಲ್ಲ. ಅಪ್ಪಯ್ಯ ಕೆಮ್ಮಿದರು.

"ಆರು ಬಂದಿದೆ ನೋಡಿ. ಆರು ಈ ಮನೆಯವನಲ್ಲ."

ಕೈಯಲ್ಲಿದ್ದ ಎರಡನ್ನು ಕೂಡಿಸಲು ಮರೆತಿದ್ದೆ. ಕೂಡಿಸಿದಾಗ ಆರು ಹೋಗಿ ಎಂಟು ಬಂತು. ಆಗ ನನಗೆ ಸಂಗತಿ ಹೊಳೆದು ಮೈ ಜುಮ್ಮೆಂದಿತು. ಹತ್ತು ವರ್ಷ ಶಾಲೆಯಲ್ಲಿ ಅಂಕಿಗಳು ನನಗೆ ಬೈದದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಅವೂ ಹೀಗೆ ಕೈ ಕೈ ಹಿಡಿದು ಆಡುತ್ತವೆ ಎಂದು ಒಬ್ಬರೂ ಹೇಳಿರಲಿಲ್ಲ. ನಾನು ಹೇಳಿಸಿಕೊಳ್ಳದೆ ನಾಲ್ಕು, ಐದು, ಆರು ಎಲ್ಲವನ್ನೂ ಗುಣಿಸಿ ನೆಲ ತುಂಬಿಸಿದೆ. ಅವರು ಅದನ್ನೆಲ್ಲ ಕರ್ಚೀಫಿನಿಂದ ಒರೆಸಿ, ಒಂದು ದೊಡ್ಡ ಸುತ್ತು ಬರೆದು, ಅದರ ಅಂಚಿನಲ್ಲಿ ಆರು ಅಂಕಿಗಳನ್ನು ಕೂರಿಸಿದರು. ಒಂದು, ನಾಲ್ಕು, ಎರಡು, ಎಂಟು, ಐದು, ಏಳು.

"ಎಲ್ಲಿಂದ ಶುರುಮಾಡಿದ್ರೂ ಸುತ್ತು ಅದೇ. ಇನ್ನೊಂದು ನೋಡಿ. ಎದುರುಬದುರು ಕೂತವರನ್ನ ಕೂಡಿಸಿ."

ಒಂದರ ಎದುರು ಎಂಟು, ನಾಲ್ಕರ ಎದುರು ಐದು, ಎರಡರ ಎದುರು ಏಳು. ಯಾವ ಜೋಡಿ ಕೂಡಿಸಿದರೂ ಒಂಬತ್ತು. ತಲೆ ಎತ್ತಿದರೆ ನಾವೂ ಸುತ್ತಿನ ಎರಡು ಕಡೆ ಎದುರುಬದುರು ಕೂತಿದ್ದೆವು. ಅವರಿಗೂ ಅದು ಗೊತ್ತಾಯಿತೆಂದು ಕಾಣುತ್ತದೆ, ಕಿವಿ ಕೆಂಪಾಯಿತು.

"ಏಳರಿಂದ ಗುಣಿಸಿದ್ರೆ?" ಎಂದೆ.

"ಏಳು ಇವತ್ತು ಬೇಡ" ಎಂದು ನಕ್ಕರು.

ಈ ಮುಹೂರ್ತಕ್ಕೆ ಸರಿಯಾಗಿ ಅಜ್ಜಿ ಸ್ನಾನ ಮುಗಿಸಿ, ಬೀಗರಾಗುವವರೆಂದು ಒಳ್ಳೆಯ ಸೀರೆ ಉಟ್ಟು ಹೊರಗೆ ಬಂದಳು. ಅವಳು ಕಂಡದ್ದನ್ನು ಅವಳ ಕಣ್ಣಿನಿಂದ ನೋಡಿ. ತನ್ನ ಜಾಗದಲ್ಲಿ ಬಿಳಿ ಸುತ್ತು. ಅದರ ತುಂಬ ಅಂಕಿ. ಪಕ್ಕದಲ್ಲಿ ಕುಂಕುಮದ ಬಟ್ಟಲು, ವೀಳ್ಯದೆಲೆ, ಪಾನಕಕ್ಕೆ ಹಿಂಡಿ ಬಿಟ್ಟ ನಿಂಬೆಹಣ್ಣಿನ ಹೋಳು. ಒಂದು ಕಡೆ ಮೊಮ್ಮಗಳು ಕಣ್ಣು ರೆಪ್ಪೆ ಹೊಡೆಯದೆ ಸುತ್ತನ್ನೇ ನೋಡುತ್ತಿದ್ದಾಳೆ. ಇನ್ನೊಂದು ಕಡೆ ಗುರುತಿಲ್ಲದ ಮುದುಕನೊಬ್ಬ ಬಾಯಿ ತೆರೆದು ಕಂಬಕ್ಕೆ ಒರಗಿ ಪ್ರಜ್ಞೆ ತಪ್ಪಿದ್ದಾನೆ.

"ಅಯ್ಯಯ್ಯೋ! ಮಾಟ! ಮನೆ ಹಾಳಾಯ್ತಲ್ಲೋ!"

ಮಾವ ಧಡಕ್ಕನೆ ಎದ್ದರು. ಅದು ಇನ್ನೂ ಕೆಟ್ಟದಾಯಿತು, ಏಕೆಂದರೆ ಮೈಮೇಲೆ ಬಂದವರೂ ಹಾಗೆಯೇ ಏಳುತ್ತಾರೆ. ಅಪ್ಪಯ್ಯ, "ಅಮ್ಮ, ಅದು ಲೆಕ್ಕ, ಇವರು ಮೇಷ್ಟ್ರು" ಎನ್ನುತ್ತಿದ್ದರು. "ಎಂಥ ಲೆಕ್ಕ? ಹೆಣ್ಣು ನೋಡಕ್ಕೆ ಬಂದವ್ರು ಎಂತಕ್ಕೋ ಲೆಕ್ಕ ಮಾಡ್ತಾರೆ?" ಎಂದಳು ಅಜ್ಜಿ. ಮೇಷ್ಟ್ರು ಒರೆಸಲೆಂದು ಕರ್ಚೀಫು ತೆಗೆದರೆ, ಅದು ಮಂತ್ರದ ಬಟ್ಟೆಯೆಂದು ಅಜ್ಜಿ ಇನ್ನೂ ಜೋರಾಗಿ ಕೂಗಿದಳು. ಮಾವನಿಗೆ ಅವಮಾನವಾಗಿ, "ನಡಿಯೋ, ಬಸ್ ಹೊರಡ್ತದೆ" ಎಂದು ಅಳಿಯನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಕಾಫಿ ಲೋಟದಲ್ಲೇ ಉಳಿಯಿತು.

ಅವರು ಹೋದ ಮೇಲೆ ಸುತ್ತು ಉಳಿಯಿತು. ಅಮ್ಮ ನೆಲ ಒರೆಸುವ ಬಟ್ಟೆ ತಂದಳು. ಅಜ್ಜಿ ಅಡ್ಡ ನಿಂತಳು. "ಮುಟ್ಟಬೇಡ. ಬರ್‍ದವನೇ ಒರೆಸ್ಬೇಕು. ಬೇರೆಯವ್ರು ಒರೆಸಿದ್ರೆ ಅವ್ರ ಮೇಲೇ ಬತ್ತದೆ." ಅಮ್ಮ ಬಟ್ಟೆ ಕೆಳಗೆ ಹಾಕಿದಳು. ಅಪ್ಪಯ್ಯ ಇದೆಲ್ಲ ಮೂಢನಂಬಿಕೆ ಎಂದು ಸ್ಪಷ್ಟವಾಗಿ ಹೇಳಿ, ತಾವೂ ಒರೆಸಲಿಲ್ಲ.

ಹೀಗೆ ನಮ್ಮ ಮನೆಯಲ್ಲಿ ೧೪೨೮೫೭ ಬಿಡಾರ ಹೂಡಿತು. ಹಾಲಿನವನು ಸುತ್ತು ಬಳಸಿಕೊಂಡು ಬಂದ. ಪೋಸ್ಟ್‌ಮ್ಯಾನ್ ಜಗಲಿ ಹತ್ತುವುದನ್ನೇ ಬಿಟ್ಟು ಕೆಳಗಿನಿಂದ ಕಾಗದ ಎಸೆಯತೊಡಗಿದ. ಅಜ್ಜಿಗಂತೂ ಕೂರಲು ಜಾಗವಿಲ್ಲ. ಎಲೆಯಡಿಕೆಯ ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋಗಿ ಕೂತಳು. ಅಲ್ಲಿಂದ ಬಸ್ಸು ಕಾಣುವುದಿಲ್ಲ, ಅಮ್ಮ ಕಾಣುತ್ತಾಳೆ. ಅಲ್ಲಿಯವರೆಗೆ ಇಡೀ ಊರಿಗೆ ಹಂಚಿಹೋಗುತ್ತಿದ್ದ ಅಜ್ಜಿಯ ಗಮನ ಪೂರ್ತಿಯಾಗಿ ಅಮ್ಮನ ಸಾರಿನ ಮೇಲೆ ಬಿತ್ತು.

ನನ್ನ ಪಾಡು ಹೇಳುತ್ತೇನೆ. ಮಾರನೆಯ ದಿನ ಬಚ್ಚಲ ಗೋಡೆಯ ಮೇಲೆ ಇದ್ದಿಲಿನಿಂದ ಏಳರ ಗುಣಾಕಾರ ಮಾಡಿದೆ. ೯೯೯೯೯೯ ಬಂತು. ತಪ್ಪಿರಬೇಕೆಂದು ಮತ್ತೆ ಮಾಡಿದೆ. ಮತ್ತೆ ಅದೇ. ಒಂದಿಲ್ಲ, ನಾಲ್ಕಿಲ್ಲ, ಎರಡಿಲ್ಲ. ಆಟವಾಡುತ್ತಿದ್ದ ಆರೂ ಮಂದಿ ಸತ್ತು, ಒಂದೇ ಮುಖದ ಆರು ಗೊಂಬೆ. ನನಗೆ ಸಿಟ್ಟು ಬಂತು. ಈ ಸಿಟ್ಟನ್ನು ಯಾರಿಗೆ ಹೇಳಲಿ? ತೀರ್ಥಹಳ್ಳಿಯಲ್ಲಿ ಅದನ್ನು ಅರ್ಥ ಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. ಇದ್ದೊಬ್ಬನನ್ನು ಸಾಗರದ ಬಸ್ ಹತ್ತಿಸಿ ಓಡಿಸಿದ್ದೆವು. ಅಲ್ಲೇ ಬಚ್ಚಲಲ್ಲಿ ನಿಂತು, ನಾನು ಮದುವೆಯಾದರೆ ಅವರನ್ನೇ ಆಗಬೇಕು ಎಂದುಕೊಂಡೆ. ಬಚ್ಚಲಲ್ಲಿ ಮಾಡಿದ ನಿಶ್ಚಯವಾದರೂ ಗಟ್ಟಿಯಾಗಿಯೇ ಇತ್ತು.

ಕೆಲವು ದಿನ ಕಳೆದು ಹೊಸನಗರದಿಂದ ಇನ್ನೊಂದು ಗಂಡು ಬಂತು. ಜೊತೆಗಿದ್ದ ಹಿರಿಯರು ಜಗಲಿ ಹತ್ತಿ ನಿಂತಲ್ಲೇ ನಿಂತರು. "ಇದೆಂಥದು ಮಾರಾಯ್ರೆ?" ಎಂದರು. ಅಪ್ಪಯ್ಯ, ಮಕ್ಕಳು ಏನೋ ಗೀಚಿದ್ದು ಎನ್ನುವುದರೊಳಗೆ ಅಜ್ಜಿ ಒಳಗಿನಿಂದ, "ಸುಳ್ಳು ಎಂತಕ್ಕೆ ಹೇಳ್ತೀಯ? ಮಾಟ ಅದು" ಎಂದಳು. ಆ ಹಿರಿಯರಿಗೆ ಇದ್ದಕ್ಕಿದ್ದ ಹಾಗೆ ಹೊಸನಗರದಲ್ಲಿ ತುರ್ತು ಕೆಲಸ ನೆನಪಾಯಿತು. ಸುದ್ದಿ ಕಂಡಕ್ಟರುಗಳ ಬಾಯಿಗೆ ಬಿದ್ದು, ಟಿಕೆಟಿಲ್ಲದೆ ಎಲ್ಲ ಬಸ್ಸುಗಳಲ್ಲೂ ಓಡಾಡಿತು. ಅಪ್ಪಯ್ಯ ಊಟ ಬಿಟ್ಟು ಕೂತರು. ಇನ್ನು ಈ ಹುಡುಗಿಯನ್ನು ನೋಡಲು ಯಾರು ಬರುತ್ತಾರೆ ಎಂಬುದು ಅವರ ಚಿಂತೆ.

ನನಗೆ ಮಾತ್ರ ಬುದ್ಧಿ ಬಂತು. ಸುತ್ತು ಇರುವವರೆಗೆ ಬೇರೆ ಗಂಡಿಲ್ಲ. ಸುತ್ತು ಇರುವವರೆಗೆ, ಬರೆದವರನ್ನು ಎಂದಾದರೂ ಕರೆಸಲೇಬೇಕು. ಆದರೆ ಸೀಮೆಸುಣ್ಣಕ್ಕೆ ಆಯುಷ್ಯ ಕಡಿಮೆ. ಗಾಳಿಗೆ, ರಸ್ತೆಯ ದೂಳಿಗೆ ಅಂಕಿಗಳು ಮಾಸತೊಡಗಿದ್ದವು; ನಾಯಿ ಬೇರೆ ಏಳರ ಮೇಲೆ ಮಲಗುವ ಅಭ್ಯಾಸ ಮಾಡಿಕೊಂಡಿತ್ತು. ಮನೆಯಲ್ಲಿ ಸೀಮೆಸುಣ್ಣ ಇರಲಿಲ್ಲ. ಅಜ್ಜಿಯ ಎಲೆಯಡಿಕೆ ತಟ್ಟೆಯಲ್ಲಿ ಸುಣ್ಣದ ಡಬ್ಬಿ ಇತ್ತು. ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾದ ಮೇಲೆ ನಾನು ಬೆರಳಿಗೆ ಸುಣ್ಣ ತೆಗೆದುಕೊಂಡು ಹೋಗಿ, ಮಾಸಿದ ಅಂಕಿಗಳ ಮೇಲೆ, ಸುತ್ತಿನ ಮೇಲೆ ತಿದ್ದಿ ಬರುತ್ತಿದ್ದೆ. ಸುಣ್ಣ ಬೆರಳನ್ನು ಸುಡುತ್ತಿತ್ತು. ಒಂದನೇ ತರಗತಿಯಲ್ಲಿ ಅಕ್ಷರ ತಿದ್ದುವಾಗಲೂ ನಾನು ಅಷ್ಟು ಶ್ರದ್ಧೆ ತೋರಿಸಿರಲಿಲ್ಲ.

"ಎಂಥದು, ದಿನಾ ಬೆಳ್ಳಗಾಗ್ತಾ ಉಂಟಲ್ಲ ಅದು!" ಎಂದು ಅಜ್ಜಿ ನಡುಗಿದಳು. ಮಾಟಕ್ಕೆ ಬಲ ಬರುತ್ತಿದೆ ಎಂದು ಅವಳಿಗೆ ಖಾತ್ರಿಯಾಯಿತು. ಜೊತೆಗೆ ಸುಣ್ಣ ಇಷ್ಟು ಬೇಗ ಯಾಕೆ ಮುಗಿಯುತ್ತದೆ ಎಂದು ಅಮ್ಮನನ್ನು ವಿಚಾರಿಸಿದಳು. ಅಮ್ಮ ಸೌಟು ಕೆಳಗಿಟ್ಟಳು. ನೇರವಾಗಿ ಅಪ್ಪಯ್ಯನ ಮುಂದೆ ಹೋಗಿ, "ಆ ಮೇಷ್ಟ್ರನ್ನ ಕರೆಸ್ತೀರಾ, ನನ್ನ ತೌರಿಗೆ ಕಳಿಸ್ತೀರಾ? ಎರಡ್ರಲ್ಲಿ ಒಂದು ಇವತ್ತೇ ಹೇಳಿ" ಎಂದಳು.

ಅಪ್ಪಯ್ಯ ಸಾಗರದ ಬಸ್ಸಿನ ಕಂಡಕ್ಟರಿಗೆ ಹೇಳಿ ಕಳಿಸಿದರು: ಬಂದು ಒರೆಸಿ ಹೋಗಬೇಕು, ಹೋಗಿ ಬರುವ ಸೀಟು ನಮ್ಮದು.

ಮೇಷ್ಟ್ರು ಭಾನುವಾರ ಒಬ್ಬರೇ ಬಂದರು. ಬಾರದೆಯೂ ಇರಬಹುದಿತ್ತು. ಅವರನ್ನು ಕಂಡ ಕೂಡಲೇ ನನಗೆ ಹೊಸ ಚಿಂತೆ ಹತ್ತಿತು. ಒರೆಸಿ ಹೋದರೆ ಮುಗಿಯಿತು. ಮತ್ತೆ ಅವರು ಬರಲು ಈ ಮನೆಯಲ್ಲಿ ಯಾವ ನೆವವೂ ಉಳಿಯುವುದಿಲ್ಲ. ಅಜ್ಜಿ ಬಾಗಿಲೊಳಗೆ ನಿಂತು ಉಸ್ತುವಾರಿ ವಹಿಸಿಕೊಂಡಳು. ನಾನು ಒದ್ದೆ ಬಟ್ಟೆ ಕೊಟ್ಟೆ. ಅವರು ಮಂಡಿಯೂರಿ ಒರೆಸುತ್ತ, ತಲೆ ಎತ್ತದೆ ಮೆಲ್ಲಗೆ ಕೇಳಿದರು.

"ಏಳು ನೋಡಿದ್ರಾ?"

"ನೋಡ್ದೆ. ಮೋಸ ಅದು. ಎಲ್ಲಾ ಸತ್ತೋಗ್ತಾವೆ."

"ಎಂಟು ನೋಡ್ಲಿಲ್ವಾ?"

"ಇಲ್ಲ."

"೧೧೪೨೮೫೬ ಬರುತ್ತೆ. ಮುಂದೆ ಬಂದು ನಿಂತ ಒಂದನ್ನ ಕರ್‍ಕೊಂಡು ಹೋಗಿ ಹಿಂದಿನ ಆರಕ್ಕೆ ಸೇರ್‍ಸಿ ನೋಡಿ. ಮತ್ತೆ ನಮ್ಮವರೇ. ಸತ್ತಿರಲ್ಲ ಅವು."

ನೆಲ ಕನ್ನಡಿಯಂತೆ ಕೆಂಪಾಯಿತು. ಸುತ್ತಿಲ್ಲ, ಅಂಕಿಯಿಲ್ಲ. ಅಜ್ಜಿ ಹೊರಗೆ ಬಂದು ಬಗ್ಗಿ ನೋಡಿ ತೃಪ್ತಳಾದಳು. "ಕಾಫಿ ಕುಡ್ದು ಹೋಗಪ್ಪ" ಎಂದಳು. ಅಪ್ಪಯ್ಯ ಆಗಲೇ ವಾಪಸು ಬಸ್ಸಿನ ಹೊತ್ತು ನೋಡುತ್ತಿದ್ದರು. ಮೇಷ್ಟ್ರು ಕಾಫಿ ಕುಡಿದರು. ಬೇಗ ಕುಡಿಯಲಿಲ್ಲ, ಅದನ್ನು ಗಮನಿಸಿದೆ. ಲೋಟ ಕೆಳಗಿಟ್ಟು ಎದ್ದರು. ಅಜ್ಜಿ ತಟ್ಟೆ ಹಿಡಿದು ತನ್ನ ಜಾಗಕ್ಕೆ ಬಂದು, ಇನ್ನೇನು ಕೂರಬೇಕು, ಬಿಸಿಲು ಬಿದ್ದ ಕಡೆ ನೆಲ ಒಣಗಿ ತೆಳ್ಳಗೆ ಒಂದು ಐದು ಎದ್ದು ಬಂತು.

ಐದರ ಹಿಂದೆ ಏಳು ಬಂತು. ಏಳರ ಹಿಂದೆ ಒಂದು. ನೆಲ ಒಣಗುತ್ತ ಹೋದ ಹಾಗೆ ನಾಲ್ಕು, ಎರಡು, ಎಂಟು, ಕೊನೆಗೆ ಸುತ್ತು. ನಾಲ್ಕರಿಂದ ಗುಣಿಸಿದ ಉತ್ತರ, ಒಂದಂಕಿ ಹೆಚ್ಚುಕಡಿಮೆಯಿಲ್ಲದೆ. ಅಪ್ಪಯ್ಯ ದೇವರ ಹೆಸರು ಹೇಳಿದರು. ಅಜ್ಜಿ ಅರ್ಧ ಕೂತವಳು ಹಾಗೆಯೇ ಕಂಬ ಹಿಡಿದು ನಿಂತಳು.

ಮೇಷ್ಟ್ರು ಬಗ್ಗಿ, ಎಂಟರ ಮೇಲೆ ಉಗುರಿನಿಂದ ಕೆರೆದು ನೋಡಿದರು. "ಇದು ನನ್ನ ಸೀಮೆಸುಣ್ಣ ಅಲ್ಲ, ಅಜ್ಜಿ. ಇದು ತಿನ್ನೋ ಸುಣ್ಣ. ಸಿಮೆಂಟು ಕುಡಿದುಬಿಟ್ಟಿದೆ. ಒದ್ದೆ ಇರೋವಾಗ ಕಾಣಲ್ಲ, ಅಷ್ಟೆ" ಎಂದರು.

ಅಜ್ಜಿ ತನ್ನ ತಟ್ಟೆಯ ಡಬ್ಬಿಯನ್ನು ನೋಡಿದಳು. ಅಮ್ಮನನ್ನು ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಬಲಗೈ ಹಿಡಿದು ತಿರುಗಿಸಿದಳು. ತೋರುಬೆರಳಿನ ತುದಿಯಲ್ಲಿ ಚರ್ಮ ಸುಲಿದು ಬಿರುಕು ಬಿಟ್ಟಿತ್ತು. ಅರವತ್ತು ವರ್ಷ ಎಲೆಯಡಿಕೆ ಹಾಕಿದವಳಿಗೆ ಸುಣ್ಣ ತಿಂದ ಬೆರಳು ಗೊತ್ತಾಗದೆ ಇರುತ್ತದೆಯೇ? ನಾವಿಬ್ಬರು ಪಿಸುಗುಟ್ಟಿದ್ದನ್ನೂ ಬಾಗಿಲಲ್ಲಿ ನಿಂತಿದ್ದ ಅವಳು ಕೇಳಿಸಿಕೊಂಡಿರಬೇಕು. ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. ನಾನು ತಲೆ ತಗ್ಗಿಸಲಿಲ್ಲ. ಹೆದರಿಕೆಯಾಗಿತ್ತು, ಆದರೆ ತಗ್ಗಿಸಿದರೆ ಬಸ್ಸು ಹೊರಟುಹೋಗುತ್ತಿತ್ತು.

"ಅಲ್ವೋ," ಎಂದಳು ಅಜ್ಜಿ, ಮಗನ ಕಡೆ ತಿರುಗಿ. "ಹೊರಗಿನವ್ನ ಮೇಲೆ ಸುಮ್ನೆ ಹೇಳಿದ್ವಲ್ಲೋ. ಮಾಟಗಾತಿ ಮನೆ ಒಳಗೇ ಇದಾಳೆ!"

ಮತ್ತೆ ಮೇಷ್ಟ್ರಿಗೆ ಹೇಳಿದಳು: "ಶುರು ಮಾಡಿದವ್ನು ನೀನೇ ಮಾರಾಯ, ನೀನೇ ಕರ್‍ಕಂಡು ಹೋಗು ಇವಳನ್ನ. ಇದು ಒರೆಸಿದ್ರೆ ಹೋಗೋದಲ್ಲ."

ಅಷ್ಟು ಹೇಳಿ, ಆ ಆರು ಅಂಕಿಗಳ ಮೇಲೆಯೇ ಕಾಲು ಚಾಚಿ ಕೂತು, ಬಸ್ ಸ್ಟ್ಯಾಂಡಿನ ಕಡೆ ನೋಡತೊಡಗಿದಳು.